ಟ್ರೇಲರ್ ಪುಕ್ಕಟ ಅಲ್ಲ

ದೀಪಾವಳಿ ಪಾಡ್ಯ ಮುಗೀತಂದ್ರ ನಮ್ಮ ಅಥಣಿ ಮೂಡಲ ಕಡೆ ಹಳ್ಳ್ಯಾಗ ಗಂಟು ಕಟ್ಟೂದು ಸುರು. ಹೊಳಿದಂಡಿ ಕಾಗವಾಡ, ರಾಯಬಾಗದ ಮಂದಿ ಕಬ್ಬು ಬೆಳೀತಾರ. ಮಳಿ ನಂಬಿದ ನಾವು ಕಬ್ಬು ಕಡಿಯಾಕ ಹೋಗ್ತೇವಿ, ಮಿರಜ ದಾಟಿ ಕೊಲ್ಲಾಪುರ ಸೀಮಿಗೆ. ಹಂಗಾಮ ಮುಗಿಯೂತನಕ ತಿರುಗಿ ಬರೂದಿಲ್ಲ.

ಅದಕ್ಕ ಹದಿನೈದು ದಿನ ಮೊದಲಿಂದ ತಯಾರಿ. ಜ್ವಾಳ ಹಸನ ಮಾಡಬೇಕು. ಪೂರಾ ಬೀಸಿಸಿದ್ರ ಹಿಟ್ಟು ಮುಗ್ಗ ಹಿಡೀತೈತಿ, ಅದಕ್ಕ ಅರ್ಧ ಕಾಳಾನ ಕಟ್ಟಬೇಕು. ಖಟಕ ರೊಟ್ಟಿ ಎರಡು ಬುಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ವರ್ಷದ ಖಾರ. ಕೌದಿ ಬಿಸಲಿಗೆ ಹಾಕಿ ಕೊಡವಬೇಕು. ಗುಡಿಸಲಕ್ಕ ತಾಡಪತ್ರಿ, ಹಗ್ಗ. ಆಡು ಅತ್ತಿ ಕಡೆ ಬಿಡಬೇಕು. ಕೊಯ್ತಾ ಸಾಣಿ ಹಿಡಿಸೂದು ಒಂದು ಬಿಟ್ಟರ ಇದರಾಗ ಯಾವ ದಗದಾನೂ ಗಂಡಸರು ಮಾಡಿದ್ದು ನಾ ನೋಡಿಲ್ಲ. ಅದೂ ಕಮ್ಮಾರ ಮಾಡತಾನ, ಇವರು ಚಾ ಕುಡೀತ ಕುಂದರತಾರ.

ಎಲ್ಲಾ ಮುಗಿದ ಮ್ಯಾಲ ಮುಕಾದಮ ಬಂದು ಹೇಳತಾನ: "ಟ್ರೇಲರ್ ಪುಕ್ಕಟ ಐತಿ, ಹತ್ರಿ."

ಯಾರಿಗಿ ಪುಕ್ಕಟ? ಟ್ರೇಲರ್ ಇರೂದು ಕಬ್ಬು ಹೇರಾಕ. ಅದರಾಗ ಚೀಲದ ಮ್ಯಾಲ ನಾವು, ನಮ್ಮ ಮ್ಯಾಲ ಹುಡುಗರು. ಹೋದ ವರ್ಷ ಕಾಗವಾಡ ದಾಟೂದ್ರಾಗ ನಡುರಾತ್ರಿ. ಮಗಳು ನಿದ್ದಿಗಣ್ಣಾಗ ಗಂಟಿನ ಮ್ಯಾಲಿಂದ ಜಾರಿದ್ಲು. ಕಾಲು ಕೈಗೆ ಸಿಕ್ತು, ಎಳಕೊಂಡೆ. ಅಲ್ಲಿಂದ ಮುಂದ ಅಕಿನ್ನ ಸೆರಗಿಲೆ ನನ್ನ ನಡಕ್ಕ ಕಟ್ಟಿಕೊಂಡು ಕುಂತೆ. ಹಿಂದಿನ ಟ್ರೇಲರಿಗೆ ಒಂದು ಕೆಂಪು ದೀಪ ಸೈತ ಇರಲಿಲ್ಲ.

ಬಸ್ ಚಾರ್ಜ್ ಕೇಳೂಣು ಅಂದ್ರ ಮೈದುನ ಅಂತಾನ, "ವೈನಿ, ಆಷಾಢದಾಗ ರೊಕ್ಕ ಇಸ್ಕೊಂಡೇವಿ, ಈಗ ಹೆಂಗ ಕೇಳೂದು?" ಆ ರೊಕ್ಕ ಯಾರೂ ದಾನ ಕೊಟ್ಟಿಲ್ಲಪ್ಪಾ. ಕಡಿದ ಟನ್ನ ಟನ್ನಿನ್ಯಾಗೂ ಮುರಕೋತಾರ. ಬ್ಯಾರೆ ರಾಜ್ಯಕ್ಕ ದುಡಿಯಾಕ ಕರಕೊಂಡು ಹೋದವರಿಗೆ ಹೋಗೂ-ಬರೂ ಎರಡೂ ಚಾರ್ಜ್ ಗುತ್ತಿಗೆದಾರನ ಕೊಡಬೇಕು, ದಾರ್‍ಯಾಗ ಕಳೆದ ದಿನದ ಪಗಾರಾನೂ ಕೊಡಬೇಕು ಅಂತ 1979ರಾಗನ ಕೇಂದ್ರದ ಕಾಯ್ದೆ ಆಗಿತ್ತು. ಈಗ ಅದರ ಜಾಗಾದಾಗ 2020ರ ಕಾರ್ಮಿಕ ಸಂಹಿತೆ ಬಂದೈತಿ. ಅದರಾಗೂ ಊರಿಗೆ ಹೋಗಿ ಬರೂ ಖರ್ಚು ಮಾಲಕನ ಮ್ಯಾಲ ಐತಿ. ಇಷ್ಟು ವರ್ಷದಾಗ ನಮ್ಮ ಟೋಳ್ಯಾಗ ಒಬ್ಬರ ಕೈಯಾಗೂ ಒಂದು ತಿಕೀಟು ನಾ ಕಂಡಿಲ್ಲ.

ಇನ್ನೊಂದು ಮಾತು. ಕಾಯ್ದೆ ಕೊಡೂದು ದುಡಿಯಾಂವಗ, ದುಡಿಯಾಕಿಗೆ. ಮುಕಾದಮನ ವಹ್ಯಾಗ ಗಂಡ ಹೆಂಡತಿ ಕೂಡಿ ಒಂದ ಕೊಯ್ತಾ. ಅಂವ ಕಡೀತಾನ, ನಾ ಸುಲಿದು ಮೂಳಿ ಕಟ್ಟಿ ತಲಿ ಮ್ಯಾಲ ಹೊತ್ತು ಟ್ರೇಲರಿಗೆ ಏರಿಸ್ತೇನಿ. ಹೆಸರು ಮಾತ್ರ ಅವನದು. ವಹ್ಯಾಗ ಇಲ್ಲದಾಕಿಗೆ ತಿಕೀಟು ಯಾರು ತಗೀತಾರ?

ಈ ವರ್ಷ ಹೇಳೇನಿ: ಗಂಟು ಬೇಕಾದ್ರ ಟ್ರೇಲರಿನ್ಯಾಗ ಹೋಗಲಿ. ನನ್ನ ಹೆಸರು ಬರೀರಿ, ನನಗ ಮಗಳಿಗೆ ಅಥಣಿಯಿಂದ ಬಸ್ಸಿನ ತಿಕೀಟು ಕೊಡ್ರಿ. ಮುಕಾದಮ ಇನ್ನೂ ಹೂಂ ಅಂದಿಲ್ಲ. ನಾನೂ ರೊಟ್ಟಿ ಬಡಿಯಾಕ ಕುಂತಿಲ್ಲ.