ಗಾಡಿ ಬಂದ್ರ ಸಾಕೇನ್ರಿ?

ಮಳಿಗಾಲದ ರವಿವಾರ ಬೆಳಗಾವಿಯಿಂದ ಜಾಂಬೋಟಿ ಕಡೆ ಹೋಗೂ ರಸ್ತಾ ನೋಡ್ರಿ, ಕಾರು, ಬೈಕು ಸಾಲಹಚ್ಚಿ ಹೊಂಟಿರ್ತಾವ. "ಕೊರೊನಾ ಹೊಡತ ಮುಗೀತು, ಪ್ರವಾಸಿ ಜಾಗಾ ಎಲ್ಲಾ ಮತ್ತ ಚಿಗತಾವ" ಅಂತಾರ ನಮ್ಮ ಮನಿಯವ್ರು. ನಾ ಒಪ್ಪೂದಿಲ್ಲ. ಗಾಡಿ ಎಣಸಿದ್ರ ಅಲ್ಲಿಯವರ ಒಲಿ ಹೊತ್ತೇತಿ ಅಂತ ಹೆಂಗ ಹೇಳೂದು?

ಸವದತ್ತಿ ಯಲ್ಲಮ್ಮನ ಗುಡ್ಡ ಖರೇನ ಚಿಗತೈತಿ. 2020ರ ಮಾರ್ಚ್‌ನ್ಯಾಗ ಮುಚ್ಚಿದ ಗುಡಿ 2021ರ ಫೆಬ್ರವರಿಗೆ ತೆಗೀತು, ಎರಡನೇ ಅಲೆಗೆ ಮತ್ತ ಬಾಗಲಾ ಹಾಕಿದ್ರು. ಬಳಿ, ಭಂಡಾರ, ಕಾಯಿ ಮಾರೂ ಮಂದಿ ಹೆಂಗ ದಿನಾ ತಗದ್ರೋ ಆ ತಾಯಿಗೇ ಗೊತ್ತು. ಆಮ್ಯಾಲ 2023ರ ಜೂನ್ 11ಕ್ಕ ಶಕ್ತಿ ಯೋಜನೆ ಬಂತು. ಆಧಾರ್ ಕಾರ್ಡ್ ಹಿಡಕೊಂಡು ನಮ್ಮಂಥ ಹೆಣ್ಮಕ್ಕಳು ಹೋಗಿದ್ದ ಹೋಗಿದ್ದು! ಉಳಿದ ಟಿಕೀಟಿನ ರೊಕ್ಕ ಬಳಿ ಅಂಗಡಿಗೆ ಹೋತು. ಪುಕ್ಕಟೆ ಅಂತ ನಗೋರು ಈ ಲೆಕ್ಕ ಹಿಡಿಯೂದಿಲ್ಲ ನೋಡ್ರಿ.

ಖಾನಾಪುರ ತಾಲೂಕಿನ ಹಲಸಿಗೆ ಆ ನಸೀಬ ಇಲ್ಲ. ಕದಂಬರು ಆಳಿದ ಊರು, ಆಗ ಪಲಾಶಿಕಾ ಅಂತಿದ್ರು. ಭೂವರಾಹ ನರಸಿಂಹ ಗುಡಿಯೊಳಗ ಎರಡು ಗರ್ಭಗುಡಿ ಎದುರುಬದರು ಅದಾವ. ಹ್ವಾದ ವರ್ಷ ನಾವು ಮೂರು ಮಂದಿ ಗೆಳತ್ಯಾರು ಹೋಗಿದ್ವಿ. ಹೊರಗ ಒಬ್ಬಾಕಿ ಮಾವಶಿ ಕಾಯಿ, ಚಾ ಇಟಗೊಂಡು ಕುಂತಿದ್ಲು. ಕೊರೊನಾದಾಗ ಎರಡು ವರ್ಷ ಹೊಲದ ಕೂಲಿಗೆ ಹ್ವಾದಾಕಿ. ಸಂಘದ ಸಾಲಾ ತಗದು ಮತ್ತ ಸ್ಟೋ, ಕಿಟ್ಲಿ ತಂದಿದ್ಲು. ವಾರದ ಕಂತು ತಪ್ಪಂಗಿಲ್ಲ.

"ಗಾಡಿ ಬರ್ತಾವ ಬಾಯಿ, ಮಂದಿ ಫೋಟೋ ತಗೀತಾರ, ಹೋಗ್ತಾರ. ನೀರಿನ ಬಾಟ್ಲಿ ಸೈತ ಬೆಳಗಾವಿಂದ ತರ್ತಾರ" ಅಂದ್ಲು. "ಚಾ ಹಾಕ್ಲೇನು?"

ನನ್ನ ಚೀಲದಾಗ ಥರ್ಮಾಸ್ ಇತ್ತು. ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಮ್ಯಾಲ ಕುಂದಾ. ಬುತ್ತಿ ಕಟಗೊಂಡು ಹೋಗೂದು ನಮ್ಮ ಶ್ಯಾಣ್ಯಾತನ ಅಂತ ತಿಳಕೊಂಡಾಕಿ ನಾನು. ಅವತ್ತು ನಾಚಿಕಿ ಬಂತ್ರಿ. ಮೂರು ಚಾ ಕುಡದ್ವಿ, ನಮ್ಮ ಚಾ ಥರ್ಮಾಸಿನ್ಯಾಗ ಆರಿ ಹೋತು.

ಬುತ್ತಿ ಬಿಡ್ರಿ ಅನ್ನೂದಿಲ್ಲ, ರೊಟ್ಟಿ ಬಿಟ್ಟು ನಮಗೂ ಆಗೂದಿಲ್ಲ. ಚಾ, ಕಾಯಿ, ಸೌತಿಕಾಯಿ ಅಲ್ಲೇ ತಗೋಳ್ರಿ. ಸರಕಾರದವ್ರು ರವಿವಾರಕ್ಕೊಮ್ಮೆ ಬೆಳಗಾವಿಯಿಂದ ಸೀದಾ ಹಲಸಿಗೆ ಒಂದು ಬಸ್ ಬಿಡ್ಲಿ. ತುಂಬಸೂ ಜವಾಬ್ದಾರಿ ನಮ್ಮ ಓಣಿ ಹೆಣ್ಮಕ್ಕಳದು.