ಗೋಡೆಯ ಮೇಲೆ ಪೋರ್ಟ್ಸ್‌ಮತ್, ಅರಗಾ ಎಲ್ಲಿ?

ಹಳೆಯ ನಕ್ಷೆಗಳಿಗೆ ಈಗ ಒಳ್ಳೆಯ ಕಾಲ. ದಹಿಸರ್‌ನಲ್ಲಿ ನಮ್ಮ ಕಟ್ಟಡದಲ್ಲೇ ಇರುವ ಕಾರವಾರ ಕಡೆಯ ಗೆಳೆಯರೊಬ್ಬರು ವಿಕ್ಟೋರಿಯಾ ರಾಣಿಯ ಕಾಲದ ಅಟ್ಲಾಸಿನ ಒಂದು ಹಾಳೆಗೆ ಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದ್ದಾರೆ. ಬ್ರಿಟಿಷ್ ನೌಕಾಪಡೆಯ ಹಡಗುಕಟ್ಟೆಗಳಿದ್ದ ಪೋರ್ಟ್ಸ್‌ಮತ್, ಪ್ಲಿಮತ್, ಚಾಟಮ್ ಊರುಗಳು ಒಂದೇ ಹಾಳೆಯಲ್ಲಿವೆ. ಡಾಕ್, ಬ್ಯಾರಕ್ಕು, ಚರ್ಚು, ಓಣಿ ಎಲ್ಲಕ್ಕೂ ಹೆಸರಿದೆ. ನೋಡಲು ಚೆಂದ. ಆದರೆ ಈ ಗೆಳೆಯರ ಮನೆತನ ಸೀಬರ್ಡ್ ನೌಕಾನೆಲೆಗೆ ಜಮೀನು ಬಿಟ್ಟುಕೊಟ್ಟದ್ದು. ಆ ಜಮೀನಿನ ನಕ್ಷೆ ಮಾತ್ರ ಮನೆಯಲ್ಲಿ ಎಲ್ಲೂ ಇಲ್ಲ.

ಇದು ಅವರೊಬ್ಬರ ಮಾತಲ್ಲ. ಹಡಗುಕಟ್ಟೆಯ ಚರಿತ್ರೆಯಲ್ಲಿ ನಮ್ಮ ಕರಾವಳಿಯ ಪಾಲು ದೊಡ್ಡದು. ನಕ್ಷೆಯಲ್ಲಿ ಸಿಕ್ಕ ಜಾಗ ಮಾತ್ರ ಚಿಕ್ಕದು.

ಮುಂಬಯಿಯ ಹಡಗುಕಟ್ಟೆಯನ್ನೇ ತೆಗೆದುಕೊಳ್ಳಿ. 1736ರಲ್ಲಿ ಸೂರತ್ತಿನಿಂದ ಬಂದ ಲವ್‌ಜಿ ನಸ್ಸರ್‌ವಾನ್‌ಜಿ ವಾಡಿಯಾ ಮತ್ತು ಅವರ ವಂಶದವರು ಅಲ್ಲಿ ತೇಗದ ಹಡಗು ಕಟ್ಟಿ ಹೆಸರಾದರು. 1842ರಲ್ಲಿ ಚೀನಾ ನಾನ್‌ಕಿಂಗ್ ಒಪ್ಪಂದಕ್ಕೆ ರುಜು ಹಾಕಿದ್ದು ಇಲ್ಲಿ ಕಟ್ಟಿದ ಕಾರ್ನ್‌ವಾಲಿಸ್ ಹಡಗಿನ ಮೇಲೆ. 1817ರಲ್ಲಿ ಇಲ್ಲಿ ನೀರಿಗಿಳಿದ ಟ್ರಿಂಕೋಮಲಿ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ. ಈ ಕಟ್ಟೆಗೆ ತೇಗ ಬರುತ್ತಿದ್ದುದು ಮಲಬಾರ್ ಮತ್ತು ಕೆನರಾ ಕಾಡುಗಳಿಂದ. ಮರ ಕೈತಪ್ಪಬಾರದೆಂದು ಕಂಪನಿ ಸರ್ಕಾರ 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿತು. ಜನರ ಗೋಳು ಹೆಚ್ಚಿ 1823ರಲ್ಲಿ ಆ ಹುದ್ದೆಯನ್ನೇ ತೆಗೆಯಬೇಕಾಯಿತು. ಆಗ ಮದ್ರಾಸಿನ ಗವರ್ನರ್ ಆಗಿದ್ದವರು ಥಾಮಸ್ ಮನ್ರೋ, ಹಿಂದೆ ಕೆನರಾದ ಮೊದಲ ಕಲೆಕ್ಟರ್ ಆಗಿ ಆ ಸೀಮೆಯನ್ನು ಕಣ್ಣಾರೆ ಕಂಡವರು.

1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಇಂಥದೇ ಲೆಕ್ಕವಿತ್ತು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬೆಲೆ ಏರಿತ್ತು. ಧಾರವಾಡದ ಹತ್ತಿ ಹೊರಡಲು ಕಾರವಾರದ ಬಂದರು ಬೇಕಿತ್ತು. ಬೇರೆಯವರ ಅವಸರಕ್ಕೆ ಬೇರೆಲ್ಲೋ ಕೂತು ಗೆರೆ ಎಳೆದರು. ಊರಿನವರನ್ನು ಯಾರೂ ಕೇಳಲಿಲ್ಲ.

ಸ್ವತಂತ್ರ ಭಾರತದಲ್ಲಿ ಸೀಬರ್ಡ್ ಬಂತು. 1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಅರಗಾ, ಬಿಣಗಾ, ಚೆಂಡಿಯಾ, ತೋಡೂರು, ಅಮದಳ್ಳಿ ಸೀಮೆಯ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಕಡಲತೀರ ಬಿಟ್ಟು ಎದ್ದವು. ಪರಿಹಾರದ ವ್ಯಾಜ್ಯ ದಶಕಗಟ್ಟಲೆ ಎಳೆಯಿತು. ದೇಶಕ್ಕೆ ನೌಕಾನೆಲೆ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಮುಂಬಯಿ ಬಂದರಿನ ಇಕ್ಕಟ್ಟು ಕಂಡವರಿಗೆ ಕಾರವಾರದ ಬೆಲೆ ಗೊತ್ತು. ನನ್ನ ಮಾತು ಅದಲ್ಲ. ನೆಲ ಕೊಟ್ಟವರಿಗೆ ಹಣದ ಬಾಕಿ ಇದ್ದಂತೆ ನೆನಪಿನ ಬಾಕಿಯೂ ಇದೆ. ಅದನ್ನು ಸರ್ಕಾರ ತೀರಿಸುವುದಿಲ್ಲ, ನಾವೇ ತೀರಿಸಬೇಕು.

ನೆಲೆಯ ನಕ್ಷೆ ಬರೆದರೆ ಭದ್ರತೆಯ ಗತಿಯೇನು ಎಂದು ಕೆಲವರು ಕೇಳಬಹುದು. ನೆಲೆಯ ನಕ್ಷೆ ಯಾರಿಗೆ ಬೇಕು? ಬೇಲಿ ಬೀಳುವ ಮೊದಲು ಗಜನಿ ಎಲ್ಲಿತ್ತು, ಬೇಣ ಎಲ್ಲಿತ್ತು, ರಂಪಣಿ ಬಲೆ ಎಳೆಯುತ್ತಿದ್ದುದು ಯಾವ ತೀರದಲ್ಲಿ, ಯಾರ ಮನೆಯ ಬಾವಿಯ ನೀರು ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ ಎಂಬುದರಲ್ಲಿ ಯಾವ ಗುಟ್ಟೂ ಇಲ್ಲ. ಚಾಟಮ್ ಹಡಗುಕಟ್ಟೆ 1984ರಲ್ಲಿ ಮುಚ್ಚಿ ಈಗ ಮ್ಯೂಸಿಯಂ ಆಗಿದೆ. ಕಾಲು ಮೈಲಿ ಉದ್ದದ ಅದರ ಹಗ್ಗದ ಕಾರ್ಖಾನೆಯನ್ನು ಜನ ಟಿಕೆಟ್ ಕೊಟ್ಟು ನೋಡುತ್ತಾರೆ. ಎಲ್ಲವನ್ನೂ ಬರೆದಿಟ್ಟುಕೊಂಡದ್ದರಿಂದ ತಮ್ಮ ಊರಿನ ಕಥೆಯನ್ನು ಅವರು ಹೇಳಬಲ್ಲರು.

ದಹಿಸರ್‌ನಲ್ಲೇ ಒಂದು ಪಾಠವಿದೆ. ಐವತ್ತರ ದಶಕದವರೆಗೆ ಇದು ಮುಂಬಯಿಯ ಹೊರಗಿನ ಹಳ್ಳಿ. ಈಗ ಕಾಂದರ್‌ಪಾಡಾ ಅಂದರೆ ಹೆಚ್ಚಿನವರಿಗೆ ಮೆಟ್ರೋ ಸ್ಟೇಷನ್. ನಗರದ ಅಭಿವೃದ್ಧಿ ಯೋಜನೆ ಸಿದ್ಧವಾಗುವಾಗ ಕೋಳಿವಾಡ, ಗಾವ್‌ಠಾಣ್‌ಗಳ ಗಡಿಯನ್ನು ನಕ್ಷೆಯಲ್ಲಿ ಗುರುತಿಸಿ ಎಂದು ಮೂಲನಿವಾಸಿಗಳು ಪಟ್ಟು ಹಿಡಿದರು. ನಕ್ಷೆಯಲ್ಲಿಲ್ಲದ ಊರನ್ನು ಅಳಿಸುವುದು ಸುಲಭ ಎಂದು ಅವರಿಗೆ ಗೊತ್ತಿತ್ತು.

ನಮ್ಮ ಕೆಲಸ ಅದಕ್ಕಿಂತ ಹಗುರ. ಭೂಮಾಪನ ಇಲಾಖೆಯ ಗ್ರಾಮ ನಕ್ಷೆಗಳ ಪ್ರತಿ ಯಾರಿಗೂ ಸಿಗುತ್ತದೆ. ಅದರಲ್ಲಿ ಸರ್ವೆ ನಂಬರ್ ಇರುತ್ತದೆ, ಮನೆತನದ ಹೆಸರು ಇರುವುದಿಲ್ಲ. ಆ ಹೆಸರುಗಳು ಇರುವುದು ಎಪ್ಪತ್ತು ಎಂಬತ್ತು ದಾಟಿದ ಅಜ್ಜ ಅಜ್ಜಿಯರ ಬಾಯಲ್ಲಿ. ಈ ಚೌತಿಗೆ ಊರಿಗೆ ಹೋಗುವ ಕಾರವಾರ, ಅಂಕೋಲೆ ಕಡೆಯವರು ಒಂದು ಗ್ರಾಮ ನಕ್ಷೆಯ ದೊಡ್ಡ ಪ್ರತಿ, ಒಂದು ಪೆನ್ಸಿಲ್ ಹಿಡಿದು ಅವರ ಪಕ್ಕ ಕೂರಲಿ. ಪೆನ್ಸಿಲ್ ಅವರ ಕೈಗೇ ಕೊಡಲಿ. ಇನ್ನು ಹತ್ತು ವರ್ಷ ಬಿಟ್ಟರೆ ಸರ್ವೆ ನಂಬರ್ ಇರುತ್ತದೆ, ಹೇಳುವವರು ಇರುವುದಿಲ್ಲ.