ಚೀಟಿ ಯಾರಪ್ಪನ ಸ್ವತ್ತು?

ಹಾಸ್ಟೆಲಿನ ಗೆಳೆಯರೇ,

ದೊಡ್ಡಬಳ್ಳಾಪುರದ ಮಗ್ಗಕ್ಕೆ ಕೈ ಕೊಟ್ಟ ನಮ್ಮಣ್ಣ, ನೆಲಮಂಗಲದ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕ ನಮ್ಮಪ್ಪ, ಊರೊಳಗೆ ದೊಣ್ಣೆ ಏಟು ತಿಂದ ನಮ್ಮ ಚಿಕ್ಕಪ್ಪ, ಇವರೆಲ್ಲ ಆಸ್ಪತ್ರೆಯಿಂದ ಬರಿಗೈಲಿ ಮನೆಗೆ ಬಂದದ್ದನ್ನು ನಾವು ಕಂಡಿದ್ದೇವೆ. ಕೇಸ್ ಶೀಟ್ ಕೇಳಿದರೆ 'ನಿನಗ್ಯಾಕಯ್ಯ ಅದು, ಓದೋಕೆ ಬರ್ತದಾ?' ಅಂತಾರೆ. ಹೌದು ಸ್ವಾಮಿ, ಅಪ್ಪನಿಗೆ ಬರಲ್ಲ. ಬರದ ಹಾಗೆ ಮಾಡಿದವರು ಯಾರು ಅನ್ನೋದು ಬೇರೆ ಮಾತು. ನಮಗೆ ಬರ್ತದೆ.

ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಡತೆಯ ನಿಯಮಗಳನ್ನು ನೋಡಿ. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟಿರಬೇಕು. ರೋಗಿಯೋ, ಅವನು ಒಪ್ಪಿದ ಮನೆಯವರೋ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬರೆದುಕೊಟ್ಟ ಸರ್ಟಿಫಿಕೇಟುಗಳಿಗೆ ರಿಜಿಸ್ಟರ್ ಇಡಬೇಕು. 2023ರ ಆಗಸ್ಟಿನಲ್ಲಿ ಹೊಸ ನಿಯಮ ತಂದು ಅದೇ ತಿಂಗಳು ತಡೆಹಿಡಿದರು. ಹಳೆಯದೇ ಮತ್ತೆ ನಿಂತಿತು. ಇದರಲ್ಲೂ ಒಂದು ತೂತಿದೆ. ಈ 3 ವರ್ಷದ ಮಾತು ಒಳರೋಗಿಗೆ ಮಾತ್ರ. ಸೂಜಿ ಚುಚ್ಚಿ ಬಾಗಿಲಿಂದಲೇ ಸಾಗಹಾಕಿದ ನಮ್ಮವ್ವಂದಿರ ಚೀಟಿಯನ್ನು ನಾವೇ ಕಾಯಬೇಕು. ಸೂರಿಗೆ ಸಿಕ್ಕಿಸಿ ಗೆದ್ದಲಿಗೆ ಕೊಡಬೇಡಿ.

ಯಾಕಿಷ್ಟು ಕೂಗಾಟ ಅಂತೀರಾ? ಗಾಯ ಮಾಯುತ್ತದೆ. ಕೋರ್ಟಿಗೆ ಹೋಗೋದು ಗಾಯವಲ್ಲ, ವೂಂಡ್ ಸರ್ಟಿಫಿಕೇಟು. ಡಾಕ್ಟರು 'ಸಾದಾ' ಅಂತ ಬರೆದರೆ ಹೊಡೆದವನಿಗೆ ಒಂದು ಶಿಕ್ಷೆ, 'ತೀವ್ರ' ಅಂತ ಬರೆದರೆ ಇನ್ನೊಂದು. ಹೊಸಕೋಟೆ ದಾಟಿ ಹೋದರೆ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ. 2000ದ ಮಾರ್ಚಿನಲ್ಲಿ ಅಲ್ಲಿ 7 ಮಂದಿ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, ಸಾಕ್ಷಿಗಳು ತಿರುಗಿಬಿದ್ದಿದ್ದರು. ಅವರನ್ನು ನಾವು ಬಯ್ಯಲಾರೆವು. ಹೆದರಿಕೆ ಇರುವ ಊರಲ್ಲೇ ಅವರು ನಾಳೆಯೂ ನೀರು ಸೇದಬೇಕು. ಕಾಗದಕ್ಕೆ ಆ ಹೆದರಿಕೆ ಇಲ್ಲ. ಕಾಗದವೊಂದೇ ಕೇಸು ಗೆಲ್ಲಿಸದು, ನಿಜ. 'ಏಟೇ ಬಿದ್ದಿಲ್ಲ' ಅನ್ನೋ ಸುಳ್ಳಿಗಾದರೂ ಅಡ್ಡ ನಿಲ್ಲುತ್ತದೆ.

ಭಾನುವಾರ ಊರಿಗೆ ಹೋದವರು ಸುಮ್ಮನೆ ಉಂಡು ಮಲಗಬೇಡಿ. ಕೇರಿಯಲ್ಲಿ ಯಾರು ಆಸ್ಪತ್ರೆಯಲ್ಲಿದ್ದರು ಕೇಳಿ, ಬಿಳಿ ಹಾಳೆಯ ಮೇಲೆ ಅರ್ಜಿ ಬರೆದು ಹೆಬ್ಬೆಟ್ಟು ಒತ್ತಿಸಿ. ಆಸ್ಪತ್ರೆಯವರು 'ನಾಳೆ ಬಾ' ಅಂದಾರು. ಅದನ್ನು ಬಾಗಿಲ ಮೇಲೆ ಬರೆಯೋದು ದೆವ್ವಕ್ಕೆ, ಮನುಷ್ಯರಿಗಲ್ಲ. ಸರ್ಕಾರಿ ಆಸ್ಪತ್ರೆಯಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯೂ ಇದೆ: 10 ರೂಪಾಯಿ, 30 ದಿನ. ಅರ್ಜಿ ಎರಡು ಪ್ರತಿ ಇರಲಿ. ಒಂದರ ಮೇಲೆ ತಾರೀಖು, ಗಂಟೆ, ಸೀಲು ಹಾಕಿಸಿಕೊಂಡೇ ಅಲ್ಲಿಂದ ಏಳಿ.